ಖಾತ್ರಿ ಮೇಡಂ ಮಾಡದೇ ಬಿಟ್ಟ ಫೋನ್

ಕನ್ನಡಕದ ಅಂಗಡಿಯ ಮೇಲಿನ ಮೂರನೇ ಮಹಡಿಯಲ್ಲಿ ಒಂದು ಕಚೇರಿಯಿದೆ. ಅಲ್ಲಿ ಕಿಟಕಿಗೆ ಬೆನ್ನು ಮಾಡಿದ ಕುರ್ಚಿಯಲ್ಲಿ ಕುಳಿತು ಅವಳು ದಿನವಿಡೀ ಫೋನ್ ಮಾಡುತ್ತಾಳೆ. ಏನನ್ನೂ ಮಾರುವುದಿಲ್ಲ, ಯಾರನ್ನೂ ಪುಸಲಾಯಿಸುವುದಿಲ್ಲ. "ನಿಮ್ಮ ಸಂಸ್ಥೆಯ ವೆಬ್‌ಸೈಟಿಗೆ ಪ್ರಮಾಣಪತ್ರ ಬೇಕು ಅಂತ ಒಂದು ಅರ್ಜಿ ಬಂದಿದೆ. ಹಾಕಿದ್ದು ನೀವೇನಾ? ಅರ್ಜಿಯಲ್ಲಿ ಹೆಸರಿರೋರು ನಿಮ್ಮಲ್ಲೇ ಕೆಲಸ ಮಾಡ್ತಾರಾ?" ಎಂದು ಕೇಳುವುದಷ್ಟೇ ಅವಳ ಕೆಲಸ. ಕೆಲವರು ಇವಳೇ ಕಳ್ಳಿಯೆಂದು ಬೈದು ಫೋನ್ ಇಡುತ್ತಾರೆ. ಕೆಲವರು ಹೌದು ಅನ್ನುವ ಮೊದಲು ತಮ್ಮ ಬೆನ್ನುನೋವು, ಮೇಲಧಿಕಾರಿಯ ಕಾಟ, ಸೊಸೆಯ ಬುದ್ಧಿ ಎಲ್ಲವನ್ನೂ ಹೇಳಿಕೊಳ್ಳುತ್ತಾರೆ. ಇವಳು ಎಲ್ಲದಕ್ಕೂ "ಹೂಂ" ಅಂದು, ಕೊನೆಗೆ ಮತ್ತೆ ಅದೇ ಪ್ರಶ್ನೆ ಕೇಳುತ್ತಾಳೆ.

ಕಚೇರಿಯಲ್ಲಿ ಅವಳಿಗೆ ಖಾತ್ರಿ ಮೇಡಂ ಎಂದೇ ಹೆಸರು. ಚಹಾ ತಂದವನು ಸಕ್ಕರೆ ಹಾಕಿಲ್ಲ ಅಂದರೂ "ಖಾತ್ರಿನಾ?" ಅನ್ನುವವಳು.

ಆ ಕಚೇರಿ ಕೊಡುವ ಪ್ರಮಾಣಪತ್ರ ಗೋಡೆಗೆ ನೇತುಹಾಕುವಂಥದ್ದಲ್ಲ. ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಯಾವುದಾದರೂ ವೆಬ್‌ಸೈಟ್ ತೆರೆದಾಗ ವಿಳಾಸದ ಪಕ್ಕದಲ್ಲಿ ಎಷ್ಟೋ ಕಾಲದಿಂದ ಒಂದು ಪುಟ್ಟ ಬೀಗದ ಚಿತ್ರ ಕಾಣುತ್ತದಲ್ಲ, ಅದರ ಹಿಂದಿರುವುದು ಈ ಪತ್ರ. ನಾವು ಬರೆದದ್ದನ್ನು ದಾರಿಯಲ್ಲಿ ಬೇರೆಯವರು ಓದಲಾರರು, ಆ ಕಡೆ ಇರುವವರು ನಾವು ಅಂದುಕೊಂಡವರೇ ಎಂದು ಅದು ಹೇಳುತ್ತದೆ. ಇದನ್ನು ಬ್ರೌಸರ್ ಯಾಕೆ ನಂಬಬೇಕು? ಬ್ರೌಸರಿಗೆ ಜಗತ್ತಿನ ವೆಬ್‌ಸೈಟುಗಳಲ್ಲಿ ಒಂದರ ಪರಿಚಯವೂ ಇಲ್ಲ. ಅದಕ್ಕೆ ಗೊತ್ತಿರುವುದು ಪತ್ರ ಕೊಡುವ ಕೆಲವು ಸಂಸ್ಥೆಗಳು ಮಾತ್ರ. ಅವುಗಳ ಪಟ್ಟಿಯನ್ನು ಹೊಟ್ಟೆಯೊಳಗೆ ಇಟ್ಟುಕೊಂಡೇ ಅದು ನಮ್ಮ ಕೈಗೆ ಬರುತ್ತದೆ. ಪತ್ರ ಕೊಟ್ಟವರು ಪಟ್ಟಿಯಲ್ಲಿದ್ದರೆ ಬಾಗಿಲು ತೆರೆಯುತ್ತದೆ, ಇಲ್ಲದಿದ್ದರೆ ಪರದೆ ತುಂಬ ಎಚ್ಚರಿಕೆ.

ಆ ಪಟ್ಟಿಗೆ ಸೇರುವುದು ಕಷ್ಟ, ಅಲ್ಲಿ ಉಳಿಯುವುದು ಇನ್ನೂ ಕಷ್ಟ. ಹೊರಗಿನ ಲೆಕ್ಕಪರಿಶೋಧಕರು ವರ್ಷವರ್ಷ ಬಂದು ಬೀರುಗಳ ಬೀಗದಿಂದ ಹಿಡಿದು ಗುಂಡಿ ಒತ್ತಿದವರ ಹೆಸರಿನವರೆಗೆ ಕೆದಕುತ್ತಾರೆ. ತಪ್ಪಾದರೆ ಮುಚ್ಚಿಡುವಂತಿಲ್ಲ. ಯಾರು ಬೇಕಾದರೂ ಓದಬಹುದಾದ ಒಂದು ವೇದಿಕೆಯಲ್ಲಿ, ಏನಾಯಿತು, ಹೇಗಾಯಿತು, ಮುಂದೆ ಆಗದಂತೆ ಏನು ಮಾಡಿದ್ದೀರಿ ಎಂದು ಬರೆಯಬೇಕು. ಬ್ರೌಸರ್ ಮಾಡುವವರು ಅಲ್ಲಿ ಪ್ರಶ್ನೆ ಕೇಳುತ್ತಾರೆ. ಉತ್ತರ ಸರಿಬರದಿದ್ದರೆ ಪಟ್ಟಿಯಿಂದ ತೆಗೆಯುತ್ತಾರೆ. ತೆಗೆದರೆ ಕನ್ನಡಕದ ಅಂಗಡಿಯ ಮೇಲಿನ ಮೂರನೇ ಮಹಡಿ ಬಾಡಿಗೆಗೆ ಖಾಲಿ.

ಖಾತ್ರಿ ಮೇಡಂಗೆ ಈ ಕುರ್ಚಿ ಸುಮ್ಮನೆ ಸಿಕ್ಕಿದ್ದಲ್ಲ. ಮಗಳು ಶಾಲೆಗೆ ಹೋಗಲು ಶುರು ಮಾಡಿದ ಮೇಲೆ ಕೆಲಸಕ್ಕೆ ಸೇರುತ್ತೇನೆಂದಾಗ ಗಂಡ ಬೇಡವೆನ್ನಲಿಲ್ಲ. ಲಿಫ್ಟ್ ರಿಪೇರಿ ಮಾಡುವ ಅವನು ಒರಟನೂ ಅಲ್ಲ. "ಸೇರು. ಮನೆ ಕೆಲಸಕ್ಕೆ ತೊಂದರೆ ಆಗದೇ ಇದ್ರೆ ಸಾಕು" ಅಂದ. ಎಷ್ಟು ಮೃದುವಾಗಿ ಹೇಳಿದನೆಂದರೆ ಅದು ಒಪ್ಪಿಗೆಯಂತೆಯೇ ಕೇಳಿಸಿತು. ಆಮೇಲೆ ಗೊತ್ತಾಯಿತು, ತೊಂದರೆ ಆಗದಂತೆ ನೋಡಿಕೊಳ್ಳುವುದು ಕೂಡ ಒಂದು ಕೆಲಸ, ಅದೂ ಅವಳದ್ದೇ. ಬೆಳಕು ಹರಿಯುವ ಮೊದಲೇ ಅಡುಗೆ, ಡಬ್ಬಿ, ಅತ್ತೆಯ ಮೊಣಕಾಲಿಗೆ ಎಣ್ಣೆ, ಮಗಳ ಜಡೆ, ನೆನೆಸಿಟ್ಟ ಬಟ್ಟೆ. ಒಂದು ದಿನ ಸಾಬೂನು ಮುಗಿದಿದ್ದರೂ ಮನೆಯಲ್ಲಿ ಎಲ್ಲರೂ ಒಟ್ಟಿಗೆ ತಿರುಗಿ ಅವಳ ಮುಖ ನೋಡುತ್ತಿದ್ದರು. ಕಚೇರಿಯ ಮೂರು ಮಹಡಿ ಹತ್ತಿ ಆ ಕುರ್ಚಿಯಲ್ಲಿ ಕೂತಾಗಲೇ ಅವಳ ಮೈ ದಿನದಲ್ಲಿ ಮೊದಲ ಸಲ ನೆಟ್ಟಗಾಗುತ್ತಿತ್ತು.

ಹೊಸದಾಗಿ ಸೇರಿದವರಿಗೆ ಕೆಲಸ ಹೇಳಿಕೊಡುವುದೂ ಅವಳೇ. ಮೊದಲ ಪಾಠ ಒಂದೇ: ಅರ್ಜಿಯಲ್ಲಿ ಕೊಟ್ಟಿರುವ ನಂಬರಿಗೆ ಫೋನ್ ಮಾಡಬಾರದು. ಸರ್ಕಾರದ ನೋಂದಣಿ ದಾಖಲೆಯಲ್ಲಿ ಆ ಸಂಸ್ಥೆಗೆ ಯಾವ ನಂಬರ್ ಇದೆಯೋ ಅದನ್ನು ನಾವೇ ಹುಡುಕಿ, ಅದಕ್ಕೇ ಮಾಡಬೇಕು.

"ಯಾಕೆ ಅಂದ್ರೆ," ಅನ್ನುತ್ತಾಳೆ, "ಗ್ಯಾಸ್ ಕಂಪನಿಯೋನು ಅಂತ ಒಬ್ಬ ಬಾಗಿಲಿಗೆ ಬಂದ ಅಂದ್ಕೊಳ್ಳಿ. ನಿಜವಾಗ್ಲೂ ಕಂಪನಿಯೋನೇನಾ ಅಂತ ಕೇಳೋಕೆ ಅವನೇ ಜೇಬಿಂದ ತೆಗೆದುಕೊಟ್ಟ ನಂಬರಿಗೆ ಫೋನ್ ಮಾಡಿದ್ರೆ ಎತ್ತೋದು ಯಾರು? ಅವನ ತಮ್ಮ."

ಅವಳು ನೋಡಿ ಮುಗಿಸಿದ ಕಡತವನ್ನು ಇನ್ನೊಬ್ಬರು ನೋಡಿ ಒಪ್ಪಿದರೆ ಮಾತ್ರ ಪತ್ರ ಹೊರಡುತ್ತದೆ. ಆ ಇನ್ನೊಬ್ಬ, ಎದುರು ಮೇಜಿನ ಯುವಕ. ಉದ್ದನೆಯ ಕುತ್ತಿಗೆಯಿಂದಾಗಿ ಎಲ್ಲರೂ ಅವನನ್ನು ಜಿರಾಫೆ ಅನ್ನುತ್ತಾರೆ, ಅವನಿಗೂ ಬೇಜಾರಿಲ್ಲ.

ಇವಳ ಸ್ವಂತ ಅಕ್ಕ ಊರಿನ ಇನ್ನೊಂದು ಕೊನೆಯಲ್ಲಿ ಒಂದು ಮಹಿಳಾ ಸಂಘ ನಡೆಸುತ್ತಾಳೆ. ಕಾಯಿಲೆಯವರ, ಬಾಣಂತಿಯರ, ಹಾಸಿಗೆ ಹಿಡಿದವರ ಆರೈಕೆಗೆ ಹೆಂಗಸರು ಮನೆಮನೆಗೆ ಹೋಗುವ ಸಂಘ. ಯಾವ ಮನೆಗೆ, ಯಾವ ಹೊತ್ತಿಗೆ, ಯಾರು ಎಂದು ಗೊತ್ತುಮಾಡುವುದೆಲ್ಲ ವೆಬ್‌ಸೈಟಿನಲ್ಲಿ. ಯಾವ ಹೆಂಗಸು ಯಾವ ಹೊತ್ತಿನಲ್ಲಿ ಯಾವ ಅಪರಿಚಿತರ ಮನೆಯಲ್ಲಿ ಒಬ್ಬಳೇ ಇರುತ್ತಾಳೆ ಅನ್ನುವುದು ಊರಿಗೆಲ್ಲ ತಿಳಿಯುವಂತಿರಬಾರದು. ಆದ್ದರಿಂದ ಅಕ್ಕ ಸಂಘದ ಹೆಸರಿರುವ ಗಟ್ಟಿಯಾದ ಪತ್ರವೇ ಬೇಕೆಂದು ಅರ್ಜಿ ಹಾಕಿದ್ದಳು, ತಂಗಿಯ ಕಚೇರಿಗೇ.

ಆ ದಿನ ಮಗಳಿಗೆ ಜ್ವರ. ಗಂಡನನ್ನು ಬೆಳಿಗ್ಗೆಯೇ ಯಾವುದೋ ಆಸ್ಪತ್ರೆಯ ಲಿಫ್ಟಿಗೆ ಕರೆದಿದ್ದರು. ಅತ್ತೆ ಗಂಟೆಗೊಮ್ಮೆ ಫೋನ್ ಮಾಡಿ ಜ್ವರ ಎಷ್ಟೆಂದು ಹೇಳುತ್ತಿದ್ದರು, ಔಷಧಿಯ ಯಾವ ಬಾಟಲಿ ಎಂದು ಕೇಳುತ್ತಿದ್ದರು. ಅಂಥದರ ನಡುವೆ ಅಕ್ಕನ ಫೋನ್ ಬಂತು.

"ಪುಟ್ಟಿ, ನಮ್ಮ ಅರ್ಜಿ ಬಂತೇನೇ?"

"ಎದುರಿಗೇ ಇದೆ. ಇರು, ನಿನ್ನನ್ನ ವಿಚಾರಣೆ ಮಾಡ್ತೀನಿ. ಈ ಸಂಘದ ಕಾರ್ಯದರ್ಶಿ ನೀವೇನಾ?"

"ಹೌದು ಮಹಾರಾಯ್ತಿ."

"ಈ ಅರ್ಜಿ ಹಾಕಿದ್ದು ನೀವೇನಾ?"

"ಅಲ್ಲ, ನಮ್ಮನೆ ಬೆಕ್ಕು. ಬೇಗ ಮುಗಿಸೇ, ಮೂರು ಜನ ಕಾಯ್ತಿದಾರೆ."

ಇಬ್ಬರೂ ನಕ್ಕರು. ಫೋನ್ ಇಡುವಷ್ಟರಲ್ಲಿ ಅತ್ತೆಯ ಫೋನ್. ಒಂದು ಕೈಯಲ್ಲಿ ಅದನ್ನು ಎತ್ತಿ, ಇನ್ನೊಂದು ಕೈಯಲ್ಲಿ ಖಾತ್ರಿ ಮೇಡಂ ಅಕ್ಕನ ಕಡತದ ಖಾನೆಗಳಿಗೆ ಸರಿ ಗುರುತು ಹಾಕುತ್ತ ಹೋದಳು. 'ನೋಂದಣಿ ದಾಖಲೆಯಲ್ಲಿರುವ ನಂಬರಿಗೆ ಫೋನ್ ಮಾಡಿ ವಿಚಾರಿಸಲಾಗಿದೆ' ಅನ್ನುವುದಕ್ಕೂ ಹಾಕಿದಳು. ಜಿರಾಫೆ ಒಪ್ಪಿದ. ಪತ್ರ ಹೊರಟಿತು. ಸಂಜೆಗೆ ಮಗಳ ಜ್ವರವೂ ಇಳಿಯಿತು.

ಕೆಲವು ವಾರ ಕಳೆದು ಒಂದು ರಜೆಯ ದಿನ ಖಾತ್ರಿ ಮೇಡಂ ಅಕ್ಕನ ಸಂಘಕ್ಕೆ ಹೋದಳು. ಇಸ್ತ್ರಿ ಅಂಗಡಿಯ ಹಿಂದೆ ಹೊಸದಾಗಿ ಹಿಡಿದ ಎರಡು ಕೋಣೆ. ಒಂದರಲ್ಲಿ ಒಗೆದ ಮೇಲಂಗಿಗಳ ಸಾಲು, ಇನ್ನೊಂದರಲ್ಲಿ ಮೇಜು, ಕಂಪ್ಯೂಟರು. ಮೇಜಿನ ಮೇಲೆ ಫೋನಿಲ್ಲದ್ದನ್ನು ಕಂಡು ಸುಮ್ಮನೆ ಕೇಳಿದಳು.

"ಹಳೇ ಫೋನಾ? ಅದನ್ನ ಹೋದ ವರ್ಷವೇ ತೆಗೆಸಿಬಿಟ್ವಿ. ಬರೋದೆಲ್ಲ ರಾಂಗ್ ನಂಬರ್. ಈಗ ಎಲ್ಲಾ ಸಂಘದ ಮೊಬೈಲಲ್ಲೇ," ಎಂದು ಅಕ್ಕ ಮೇಲಂಗಿ ಮಡಚುತ್ತ ಅಂದಳು.

ಮಡಚಲೆಂದು ಖಾತ್ರಿ ಮೇಡಂ ತಾನೂ ಎತ್ತಿಕೊಂಡಿದ್ದ ಮೇಲಂಗಿ ಕೈಯಲ್ಲೇ ನಿಂತಿತು. ಸಂಘ ನೋಂದಾಯಿಸುವಾಗ ಅಕ್ಕ ಕೊಟ್ಟಿದ್ದು ಆ ಹಳೇ ಫೋನಿನ ನಂಬರ್, ದಾಖಲೆಯಲ್ಲಿರುವುದೂ ಅದೇ. ಅದಕ್ಕೆ ಮಾಡಿ ವಿಚಾರಿಸಿದ್ದೇನೆಂದು ಅವಳು ಗುರುತು ಹಾಕಿದ್ದಳು. ಮಾಡಿದ್ದರೆ ಎತ್ತಲು ಅಲ್ಲಿ ಫೋನೇ ಇರಲಿಲ್ಲ.

"ಯಾಕೇ, ಏನಾಯ್ತು?"

"ಅಕ್ಕ, ನಿನ್ನ ಪತ್ರ ರದ್ದು ಮಾಡಬೇಕಾಗುತ್ತೆ."

ವಿಷಯ ಕೇಳಿ ಅಕ್ಕನಿಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು. "ಒಂದೇ ಹಾಸಿಗೇಲಿ ಮಲಗಿ ಬೆಳೆದಿದೀವಿ. ನಾನು ನಾನೇನಾ ಅನ್ನೋದಕ್ಕೆ ನಿನಗೆ ಸರ್ಕಾರದ ಪುರಾವೆ ಬೇಕಾ?"

"ನನಗೆ ಬೇಡ. ನೀನು ಯಾರು ಅಂತ ಗೊತ್ತಿಲ್ಲದೋರಿಗೆ ಬೇಕು. ಅವರು ನಂಬೋದು ನನ್ನನ್ನಲ್ಲ, ನಾನು ಫೋನ್ ಮಾಡಿದೀನಿ ಅನ್ನೋದನ್ನ. ನಾನು ಮಾಡಿಲ್ಲ."

"ನಮ್ಮ ಸೈಟು ನಿಂತ್ರೆ ಇಷ್ಟು ಜನ ನಾಳೆ ಎಲ್ಲಿಗೆ ಹೋಗ್ಬೇಕು?"

"ನಿಲ್ಲೋಕೆ ಬಿಡಲ್ಲ. ರದ್ದು ಮಾಡೋಕೆ ಐದು ದಿನ ಇರುತ್ತೆ. ನೀನು ನಾಳೆನೇ ನೋಂದಣಿ ಕಚೇರಿಗೆ ಹೋಗಿ ಹೊಸ ನಂಬರ್ ಹಾಕಿಸು. ಅಷ್ಟರೊಳಗೆ ಹೊಸ ಪತ್ರ ಸಿಗುತ್ತೆ."

"ನಿನಗೇನಾಗುತ್ತೆ?" ಅಂದಳು ಅಕ್ಕ, ಈಗ ದನಿ ತಗ್ಗಿಸಿ.

ತಂಗಿ ಕೈಯಲ್ಲಿದ್ದ ಮೇಲಂಗಿಯನ್ನು ಮಡಚಿ ಮೇಜಿನ ಮೇಲಿಟ್ಟಳು.

ಮನೆಯಲ್ಲಿ ಗಂಡ ಉಪಕರಣದ ಪೆಟ್ಟಿಗೆ ಒರೆಸುತ್ತ ಎಲ್ಲ ಕೇಳಿಸಿಕೊಂಡ. "ಅರ್ಜಿ ಹಾಕಿದ್ದು ನಿಮ್ಮಕ್ಕನೇ. ಸಂಘವೂ ನಿಜವೇ. ಯಾರಿಗೂ ಮೋಸ ಆಗಿಲ್ಲ, ಯಾರಿಗೂ ಗೊತ್ತೂ ಇಲ್ಲ. ಸುಮ್ನಿರೋಕೆ ಏನು ಕಷ್ಟ?"

"ಲಿಫ್ಟಿನ ಹಗ್ಗದಲ್ಲಿ ಒಂದು ಎಳೆ ಹರಿದಿರೋದು ನಿಮಗೊಬ್ಬರಿಗೇ ಗೊತ್ತಿದ್ರೆ ಸುಮ್ನಿರ್ತೀರಾ?"

"ಅದು ಬೇರೆ," ಅಂದ. ಸ್ವಲ್ಪ ಹೊತ್ತು ಪಾನಾ ಒರೆಸಿ, "ಒಂದು ಎಳೆ ಹರಿದ್ರೆ ಎಲ್ಲಾ ಹಗ್ಗ ಹರಿದ ಹಾಗಲ್ಲ," ಅಂದ. ಪೆಟ್ಟಿಗೆ ಮುಚ್ಚಿ, "ಕೆಲಸ ಹೋದ್ರೆ ಹೋಯ್ತು ಬಿಡು. ಮನೇಲೇ ಆರಾಮಾಗಿರು," ಅಂದ.

ಸಮಾಧಾನಕ್ಕೆಂದೇ ಹೇಳಿದ್ದು. ಅವಳಿಗೆ ಹೆದರಿಕೆ ಹುಟ್ಟಿಸಿದ್ದು ಆ ಮಾತೇ. ಈ ಮನೆಯಲ್ಲಿ ಅವಳು ಆರಾಮಾಗಿ ಕೂತದ್ದನ್ನು ಅವನು ಯಾವತ್ತು ನೋಡಿದ್ದ?

ರಜೆ ಮುಗಿದು ಕಚೇರಿ ತೆರೆದ ದಿನ ಅವಳು ಮೊದಲು ಹೇಳಿದ್ದು ಜಿರಾಫೆಗೆ, ಯಾಕೆಂದರೆ ಅವನ ಒಪ್ಪಿಗೆಯೂ ಆ ಕಡತದ ಮೇಲಿತ್ತು. ಅವನು ಕುತ್ತಿಗೆ ಚಾಚಿ ಸುತ್ತ ನೋಡಿ ಪಿಸುಗುಟ್ಟಿದ, "ಈಗ ಹೊಸ ನಂಬರಿಗೆ ಫೋನ್ ಮಾಡಿ ಕಡತದಲ್ಲಿ ತಿದ್ದಿಬಿಡೋಣ ಮೇಡಂ. ಹೇಗಿದ್ರೂ ಸರಿಯಾದ ಸಂಘನೇ ಅಲ್ವಾ?"

"ಆಗ ಎರಡು ಸುಳ್ಳಾಗುತ್ತೆ. ಮೊದಲನೇದು ಗೊತ್ತಿಲ್ದೆ ಆಗಿದ್ದು. ಇದು ಗೊತ್ತಿದ್ದೂ ಮಾಡಿದ್ದು."

ಜಿರಾಫೆ ತನ್ನ ಪರದೆಯಲ್ಲಿ ಹಳೆಯ ದಾಖಲೆ ತೆಗೆದ. ಯಾರು ಯಾವ ಕಡತವನ್ನು ಎಷ್ಟು ಹೊತ್ತು ತೆರೆದಿದ್ದರೆಂದು ಅಲ್ಲಿ ಇರುತ್ತದೆ. ಅವನು ಅಕ್ಕನ ಕಡತವನ್ನು ತೆರೆದು ಒಪ್ಪಿ ಮುಚ್ಚಿದ್ದು ಎರಡು ಸೆಕೆಂಡಿನಲ್ಲಿ.

"ಎರಡು ಸೆಕೆಂಡಲ್ಲಿ ಏನು ಓದಿದೆ ಅಂತ ಕೇಳಿದ್ರೆ ಏನು ಹೇಳ್ಲಿ?"

"ನನ್ನ ಹೆಸರು ಓದಿದೆ ಅಂತ ಹೇಳು. ನಿಜ ಅದೇ ತಾನೆ?"

ಅವನು ಇಲ್ಲವೆನ್ನಲಿಲ್ಲ. ಖಾತ್ರಿ ಮೇಡಂ ನೋಡಿದ ಮೇಲೆ ಮತ್ತೇನು ನೋಡುವುದು ಅನ್ನುವುದು ಆ ಮಹಡಿಯಲ್ಲಿ ಎಲ್ಲರಿಗೂ ರೂಢಿಯಾಗಿತ್ತು. ಅವಳು ಅದನ್ನು ಮರ್ಯಾದೆಯೆಂದು ತಿಳಿದಿದ್ದಳು. ಈಗ ಲೆಕ್ಕ ಹಾಕಿದರೆ ಇಬ್ಬರು ಮಾಡಬೇಕಾದ ಕೆಲಸ ಒಬ್ಬಳ ತಲೆಗೆ ಬಂದದ್ದಷ್ಟೆ. ಮನೆಯಲ್ಲಿ ಆಗುವುದೂ ಹೀಗೆಯೇ. "ಅವಳು ನೋಡ್ಕೋತಾಳೆ" ಅಂದರೆ ಹೊಗಳಿಕೆಯಂತೆ ಕೇಳಿಸುತ್ತದೆ.

ಮ್ಯಾನೇಜರು ತೆಳ್ಳಗಿನ ಮನುಷ್ಯ, ಕೆಟ್ಟ ಸುದ್ದಿ ಕೇಳುವಾಗ ಪೆನ್ನಿನ ಮುಚ್ಚಳವನ್ನು ಹಾಕಿ ತೆಗೆದು ಮಾಡುವವರು. ಅವಳು ಮುಗಿಸುವವರೆಗೂ ಮುಚ್ಚಳದ ಟಕಟಕ ನಿಲ್ಲಲಿಲ್ಲ.

"ಮೋಸ ಏನೂ ಆಗಿಲ್ಲ ಅಲ್ವಾ ಮೇಡಂ?"

"ಇಲ್ಲ ಸರ್. ಆದ್ರೆ ನೋಡದೇನೇ ನೋಡಿದೀನಿ ಅಂತ ಬರೆದಿದೀನಿ."

ಅವರು ಮುಚ್ಚಳವನ್ನು ಪೆನ್ನಿಗೆ ಗಟ್ಟಿಯಾಗಿ ಒತ್ತಿ ಹಾಕಿದರು. ಆಮೇಲೆ, "ವೇದಿಕೆಗೆ ಬರೀಲೇಬೇಕು," ಅಂದರು. "ಮುಚ್ಚಿಟ್ಟು ಸಿಕ್ಕಿಬಿದ್ರೆ ಪಟ್ಟಿಯಿಂದ ತೆಗೀತಾರೆ, ಎಲ್ಲರೂ ಮನೆಗೆ ಹೋಗ್ಬೇಕು. ಪತ್ರ ರದ್ದು ಮಾಡೋಣ, ಬರಿಯೋಣ. ಆದ್ರೆ ಇದು ಮುಗಿಯೋವರೆಗೆ ನಿಮ್ಮ ಲಾಗಿನ್ ನಿಲ್ಲಿಸ್ತೀನಿ. ಕೊನೆಗೆ ಏನಾಗುತ್ತೋ ನನ್ನ ಕೈಲಿಲ್ಲ. ಮೇಲಿನೋರು 'ತಪ್ಪು ಮಾಡಿದೋರನ್ನ ತೆಗೀರಿ, ಬ್ರೌಸರಿನೋರು ಅದನ್ನೇ ಕೇಳ್ತಾರೆ' ಅಂದ್ರೆ ನಾನೇನು ಮಾಡ್ಲಿ?"

ಅವಳ ಕುರ್ಚಿ ಖಾಲಿಯಾಯಿತು. ಪ್ರಿಂಟರಿನ ಪಕ್ಕದಲ್ಲಿ ಒಂದು ಸ್ಟೂಲು ಕೊಟ್ಟು ಹಳೆಯ ಕಡತ ಜೋಡಿಸುವ ಕೆಲಸ ಹಚ್ಚಿದರು.

ಅಕ್ಕ ನೋಂದಣಿ ಕಚೇರಿಯ ಬೆಂಚಿನಲ್ಲಿ ಒಂದು ದಿನ ಪೂರ್ತಿ ಕೂತು, ಹೊಸ ವಿಳಾಸವನ್ನೂ ಹೊಸ ನಂಬರನ್ನೂ ದಾಖಲೆಗೆ ಹಾಕಿಸಿದಳು. "ಗುಮಾಸ್ತನಿಗೆ ನನ್ನ ಮುಖ ಬಾಯಿಪಾಠ ಆಯ್ತು, ಇನ್ನು ಮರೆಯಲ್ಲ," ಎಂದು ತಂಗಿಗೆ ತಿಳಿಸಿದಳು. ನಂಬಿದ್ದು ಸಾಕೆಂದು ಮ್ಯಾನೇಜರು ಈ ಸಲದ ವಿಚಾರಣೆಯನ್ನು ಜಿರಾಫೆಗೆ ಕೊಟ್ಟರು, ಅವನ ಕಡತ ನೋಡಲು ಬೇರೆಯವರನ್ನು ಇಟ್ಟರು. ತಂಗಿಯಾದವಳು ಬಾಯಿ ಬಿಡುವಂತಿಲ್ಲ. ಅವಳು ಸ್ಟೂಲಿನಿಂದಲೇ ಕಿವಿ ನಿಮಿರಿಸಿ ಕೂತಳು.

ಫೋನ್ ಎತ್ತಿದ್ದು ಅಕ್ಕನಲ್ಲ. ಸಂಘದಲ್ಲಿ ಎಲ್ಲರಿಗಿಂತ ಹಳಬಳಾದ, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವುದರಲ್ಲಿ ಪಳಗಿದ ಒಬ್ಬ ಹೆಂಗಸು. ಜಿರಾಫೆ ಸ್ಪೀಕರ್ ಹಾಕಿದ್ದ.

"ಪ್ರಮಾಣಪತ್ರದ ಕಚೇರಿಯಿಂದ ಮಾತಾಡ್ತಿದೀನಮ್ಮ. ನಿಮ್ಮ ಕಾರ್ಯದರ್ಶಿ ಯಾರು ಅಂತ ಹೇಳ್ತೀರಾ?"

"ನೀವ್ಯಾರು ಅಂತ ನನಗೆ ಹೇಗೆ ಗೊತ್ತಾಗ್ಬೇಕು?"

"ಹೇಳಿದ್ನಲ್ಲಮ್ಮ, ಪ್ರಮಾಣಪತ್ರದ ಕಚೇರಿ."

"ಹಾಗಂತ ನೀವು ಹೇಳ್ತಿದೀರಿ. ಫೋನಲ್ಲಿ ಯಾರು ಏನು ಬೇಕಾದ್ರೂ ಹೇಳಬಹುದು. ಹೆಣ್ಣುಮಕ್ಕಳು ಎಲ್ಲೆಲ್ಲೋ ಹೋಗಿರ್ತಾರೆ, ನಾನು ಕಂಡಕಂಡೋರಿಗೆ ಹೆಸರು ಕೊಡೋ ಹಾಗಿಲ್ಲ. ಫೋನಿಡಿ. ನಿಮ್ಮ ಕಚೇರಿ ನಂಬರ್ ನಾನೇ ಹುಡುಕಿ ಮಾಡ್ತೀನಿ."

"ನೀವು ಮಾಡಿದ್ರೆ ನಡೆಯಲ್ಲಮ್ಮ, ನಾವೇ ಮಾಡ್ಬೇಕು."

"ನೀವು ಮಾಡಿದ್ರೆ ನಮಗೆ ನಡೆಯಲ್ಲ," ಎಂದು ಆಕೆ ಫೋನ್ ಇಟ್ಟಳು.

ಜಿರಾಫೆ ಬೆಪ್ಪಾಗಿ ಸ್ಟೂಲಿನ ಕಡೆ ನೋಡಿದ. ಖಾತ್ರಿ ಮೇಡಂ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು, ನಗುವಿಗೆ ಭುಜ ಕುಲುಕುತ್ತಿತ್ತು. ಸ್ವಲ್ಪ ಹೊತ್ತಿಗೆ ಸ್ವಾಗತದ ಮೇಜಿನ ಫೋನ್ ಬಡಿದುಕೊಂಡಿತು. ಆಕೆಯೇ. ಇಂಥ ಹೆಸರಿನ ಕಚೇರಿ ಇದೇನಾ, ಮಾತುಮಾತಿಗೆ ಅಮ್ಮ ಅನ್ನುವ ಹುಡುಗನೊಬ್ಬ ನಿಮ್ಮವನೇನಾ, ಈಗ ತಾನೇ ನಮಗೆ ಫೋನ್ ಮಾಡಿದ್ದು ಅವನೇನಾ ಎಂದು ಒಂದೊಂದಾಗಿ ಕೇಳಿ ತಿಳಿದುಕೊಂಡು, "ಸರಿ, ಈಗ ಮಾಡೋಕೆ ಹೇಳಿ," ಅಂದಳು. ಜಿರಾಫೆ ದಾಖಲೆಯ ನಂಬರಿಗೆ ಮತ್ತೆ ಮಾಡಿದ. ಕಾರ್ಯದರ್ಶಿ ಯಾರು, ಅರ್ಜಿ ಯಾರದು, ಎಲ್ಲಕ್ಕೂ ಈ ಸಲ ನೇರ ಉತ್ತರ. ಹಳೇ ಪತ್ರ ರದ್ದಾಗುವ ಮೊದಲೇ ಹೊಸದು ಹೋಗಿ ಸೇರಿತು. ಸಂಘದ ಹೆಂಗಸರ ಒಂದು ದಿನದ ಕೆಲಸವೂ ತಪ್ಪಲಿಲ್ಲ.

ಆದರೆ ಖಾತ್ರಿ ಮೇಡಂ ಸ್ಟೂಲಿನಲ್ಲೇ ಇದ್ದಳು. ಮ್ಯಾನೇಜರು ವೇದಿಕೆಗೆ ಹಾಕಿದ ವರದಿಯಲ್ಲಿ, ತಪ್ಪಿಗೆ ಕಾರಣ ಅನ್ನುವ ಜಾಗದಲ್ಲಿ, 'ಸಿಬ್ಬಂದಿಯೊಬ್ಬರ ಅಜಾಗರೂಕತೆ. ಅವರಿಗೆ ಎಚ್ಚರಿಕೆ ನೀಡಲಾಗಿದೆ' ಎಂದಿತ್ತು. ಓದಿ ಅವಳಿಗೆ ಆಶ್ಚರ್ಯವಾಗಲಿಲ್ಲ. ಅದಕ್ಕಿಂತ ಚಿಕ್ಕ ತಪ್ಪುಗಳಿಗೂ ಮನೆಯಲ್ಲಿ ಇದೇ ಷರಾ ಕೇಳಿದ್ದಳು.

ಎರಡು ದಿನ ಬಿಟ್ಟು ಬ್ರೌಸರ್ ಮಾಡುವವರ ಕಡೆಯಿಂದ ಪ್ರಶ್ನೆ ಬಂತು. ಮ್ಯಾನೇಜರು ಎಲ್ಲರನ್ನೂ ಕರೆದು ಓದಿದರು. 'ಅಜಾಗರೂಕತೆಯನ್ನು ನಾವು ಕಾರಣವೆಂದು ಒಪ್ಪುವುದಿಲ್ಲ. ಮನುಷ್ಯರು ತಪ್ಪು ಮಾಡುತ್ತಾರೆ. ಫೋನ್ ಮಾಡದೆಯೂ ಮಾಡಿದೆವೆಂದು ಗುರುತು ಹಾಕಲು ನಿಮ್ಮ ವ್ಯವಸ್ಥೆ ಹೇಗೆ ಬಿಟ್ಟಿತು? ಎರಡನೆಯವರು ಯಾಕೆ ಕಾಣಲಿಲ್ಲ? ಆ ಸಿಬ್ಬಂದಿಯನ್ನು ಬದಲಿಸಿದರೆ ಅದೇ ಕುರ್ಚಿಯಲ್ಲಿ ನಾಳೆ ಕೂರುವವರು ಅದೇ ತಪ್ಪು ಮಾಡುವುದಿಲ್ಲವೇ?'

ಓದಿದ ಹಾಳೆಯನ್ನು ಅವರು ಮೇಜಿನ ಮೇಲಿಟ್ಟರು. ಮುಚ್ಚಳದ ಟಕಟಕ ನಿಂತಿತ್ತು.

ಆ ಸಂಜೆ ತರಕಾರಿ ಹೆಚ್ಚುತ್ತ ಅವಳು ಅತ್ತೆಗೆ ಇದನ್ನು ಹೇಳಿದಳು. ಯಾಕೆ ಹೇಳಿದಳೋ ಗೊತ್ತಿಲ್ಲ, ಬೇರೆ ಯಾರೂ ಅಡುಗೆಮನೆಯಲ್ಲಿ ಇರಲಿಲ್ಲ. ಕುರ್ಚಿಯ ಮೇಲೆ ಕಾಲು ಚಾಚಿ ಕೂತಿದ್ದ ಅತ್ತೆ ಇನ್ನೊಮ್ಮೆ ಹೇಳಿಸಿಕೊಂಡರು.

"ಯಾರು ಮಾಡಿದ್ದು ಅಂತ ಕೇಳಲೇ ಇಲ್ವಾ?"

"ಇಲ್ಲ. ಹೆಸರು ಬರೆಯೋ ಹಾಗೂ ಇಲ್ಲ ಅಂತೆ."

"ಈ ಮನೆಗೆ ಬಂದಾಗಿಂದ ನನ್ನನ್ನ ಎಲ್ಲರೂ 'ಯಾಕೆ ಹೀಗ್ ಮಾಡ್ದೆ' ಅಂತಲೇ ಕೇಳಿದ್ರು ಕಣೇ," ಅಂದರು ಅತ್ತೆ. "'ಯಾಕೆ ಹೀಗಾಯ್ತು' ಅಂತ ಒಬ್ಬರೂ ಕೇಳ್ಲಿಲ್ಲ. ಕೇಳಿದ್ರೆ ಹೇಳ್ತಿದ್ದೆ." ಆಮೇಲೆ ಕೈ ಚಾಚಿದರು. "ಆ ಚಾಕು ಇಲ್ಲಿ ಕೊಡು. ಕಾಲು ನೋಯೋದು, ಕೈ ಅಲ್ಲ. ನೀನು ಹೋಗಿ ಅವರಿಗೆ ಏನು ಬರೀಬೇಕೋ ಯೋಚನೆ ಮಾಡು. ಇವನು ಬಂದು ಬಟ್ಟೆ ಒಗೀಲಿ, ಕೈಗಂಟಿದ ಲಿಫ್ಟಿನೆಣ್ಣೆನಾದ್ರೂ ಹೋಗುತ್ತೆ."

ಬಟ್ಟೆಯ ಬಕೆಟ್ಟಿನ ಎದುರು ಮಗನನ್ನು ಕೂರಿಸುವುದು ಅತ್ತೆಗೆ ಸುಲಭವಾಗಲಿಲ್ಲ. "ನಂಗೆ ಬರಲ್ಲಮ್ಮ" ಅಂದ. "ಲಿಫ್ಟು ಬರುತ್ತೆ, ಬಕೀಟು ಬರಲ್ವಾ?" ಅಂದರು. ಒಗೆದ. ಕಾಲರಿನ ಕೊಳೆ ಹಾಗೇ ಉಳಿದಿತ್ತು, ಯಾರೂ ತೋರಿಸಲಿಲ್ಲ.

ಮರುದಿನ ಅವಳು ಸ್ಟೂಲಿನಿಂದ ಎದ್ದು ಮ್ಯಾನೇಜರ ಬಾಗಿಲಿಗೆ ಹೋದಳು. "ಉತ್ತರ ನಾನು ಬರೀತೀನಿ ಸರ್. ಏನಾಯ್ತು ಅಂತ ನನಗೇ ತಾನೆ ಗೊತ್ತಿರೋದು? ಜೊತೆಗೆ ಇವನೂ ಇರ್ಲಿ." ಜಿರಾಫೆ ಹಿಂದೆಯೇ ನಿಂತಿದ್ದ. ಮ್ಯಾನೇಜರು ಮೊದಲು ಗಡಿಯಾರ ನೋಡಿದರು, ಆಮೇಲೆ ಅವಳನ್ನು ನೋಡಿದರು, ಆಮೇಲೆ ಎದ್ದು ತಮ್ಮ ಕುರ್ಚಿಯನ್ನೇ ಕೊಟ್ಟರು.

ಅವರಿಬ್ಬರು ಬರೆದ ಉತ್ತರದಲ್ಲಿ ಅಲಂಕಾರವೇನೂ ಇರಲಿಲ್ಲ. ಮೊದಲನೆಯವರು ಪರಿಚಯದ ದನಿಯನ್ನು ನಂಬಿದರು, ಎರಡನೆಯವರು ಮೊದಲನೆಯವರನ್ನು ನಂಬಿದರು. ಇಬ್ಬರೂ ದಾಖಲೆಯನ್ನು ನೋಡಲಿಲ್ಲ. ಅರ್ಜಿದಾರರು ಬಂಧುಗಳಾದರೆ ಕಡತ ಬೇರೆಯವರಿಗೆ ಕೊಡಬೇಕೆಂಬ ನಿಯಮವಿರಲಿಲ್ಲ. ಒಬ್ಬರಿಗೇ ಎಲ್ಲರ ಕಡತ ಬರುತ್ತಿತ್ತು, ಕೆಲಸ ಚೆನ್ನಾಗಿ ಮಾಡುತ್ತಾರೆಂದು ಇನ್ನೂ ಬರುತ್ತಿತ್ತು. ಇನ್ನು ಮುಂದೆ ಫೋನ್ ಮಾಡಿದ ನಂಬರನ್ನು ಯಂತ್ರವೇ ದಾಖಲಿಸುತ್ತದೆ, ಫೋನ್ ಹೋಗದಿದ್ದರೆ ಗುರುತು ಬೀಳುವುದೇ ಇಲ್ಲ. ಎರಡನೆಯವರಿಗೆ ಮೊದಲನೆಯವರ ಹೆಸರು ಕಾಣುವುದಿಲ್ಲ. ಎರಡು ಸೆಕೆಂಡಿನ ಒಪ್ಪಿಗೆಗಳನ್ನೆಲ್ಲ ಹಿಂದಕ್ಕೆ ಹೋಗಿ ಮತ್ತೆ ನೋಡಿದ್ದೇವೆ, ಹೀಗೆ ಆದದ್ದು ಇದೊಂದೇ.

ವೇದಿಕೆಯಲ್ಲಿ ಇನ್ನೂ ಕೆಲವರು ಬಂದು ಕೆದಕಿದರು. ಯಂತ್ರ ಕೆಟ್ಟರೆ ಏನು, ಸಂಸ್ಥೆಗೆ ಫೋನೇ ಇಲ್ಲದಿದ್ದರೆ ಏನು ಎಂದು ಕೇಳಿದರು. ಅವಳು ಒಂದೊಂದಕ್ಕೂ ಉತ್ತರ ಬರೆದಳು, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲವೆಂದೂ ಬರೆದಳು. ಕೊನೆಗೊಂದು ದಿನ ಬ್ರೌಸರಿನವರು, ವಿವರಣೆ ತೃಪ್ತಿಕರವಾಗಿದೆ, ಈ ಪ್ರಕರಣವನ್ನು ಮುಚ್ಚುತ್ತಿದ್ದೇವೆ ಎಂದು ಒಂದು ಸಾಲು ಹಾಕಿದರು. ಕಚೇರಿ ಪಟ್ಟಿಯಲ್ಲಿ ಉಳಿಯಿತು.

ಗಂಡ ಮೊಬೈಲಿನಲ್ಲಿ ಇಡೀ ಪುಟವನ್ನು ಮೇಲಿನಿಂದ ಕೆಳಗೆ ಎಳೆದು ನೋಡಿದ. "ಎಲ್ಲೂ ನಿನ್ನ ಹೆಸರೇ ಇಲ್ವಲ್ಲ?"

"ಬೈಯೋಕೆ ಅಂತ ಹೆಸರು ಹುಡುಕಬಾರದು ಅನ್ನೋದು ಅವರ ನಿಯಮ. ನಮ್ಮನೇಲೂ ತರೋಣ್ವಾ?"

"ಕಾಲರು ನೋಡಿದ್ಯಾ ನೀನು?" ಎಂದು ಅವನು ಸಣ್ಣಗೆ ಕೇಳಿದ.

"ಕಾಲರು ಯಾಕೆ ಹಾಗಾಯ್ತು?" ಅಂದರು ಅತ್ತೆ ಒಳಗಿನಿಂದ.

ಪ್ರಕರಣ ಮುಚ್ಚಿದ ಮರುದಿನ ಮ್ಯಾನೇಜರು ಅವಳ ಲಾಗಿನ್ ತೆರೆದುಕೊಟ್ಟರು. "ಮೇಲಿನೋರಿಗೆ ನಾನೇ ಹೇಳಿದೆ," ಅಂದರು, ಯಾವ ಕಡೆಯೂ ನೋಡದೆ. "ಈ ಉತ್ತರ ಬರೆದೋರನ್ನ ತೆಗೆದ್ರೆ ಮುಂದಿನ ಸಲ ತಪ್ಪಾದಾಗ ಯಾರೂ ಬಂದು ಹೇಳಲ್ಲ ಅಂತ."

ಅವಳು ಕುರ್ಚಿಗೆ ಬಂದು ಕೂತಳು. ಮೊದಲ ಕಡತ ಒಂದು ಹಲ್ಲಿನ ಆಸ್ಪತ್ರೆಯದು. ನೋಂದಣಿಯ ನಂಬರ್ ಹುಡುಕಿ, ಫೋನ್ ಮಾಡಿ, ಅಲ್ಲಿನವರ ಮಾತನ್ನೆಲ್ಲ ಕೇಳಿ, ಖಾತ್ರಿಯಾದ ಮೇಲೆ ಮುಂದಕ್ಕೆ ಕಳಿಸಿದಳು. ಎರಡನೆಯವರಿಗೆ ಈಗ ಹೆಸರು ಕಾಣುವುದಿಲ್ಲ. ಎದುರು ಮೇಜಿನಲ್ಲಿ ಜಿರಾಫೆ ಕುತ್ತಿಗೆ ಬಗ್ಗಿಸಿ ಬಹಳ ಹೊತ್ತು ಓದಿದ. ಅವಳ ಪರದೆಯಲ್ಲಿ ಕಡತ ವಾಪಸು ಬಂತು, ಕೆಂಪು ಗುರುತಿನೊಂದಿಗೆ: 'ಮಾತಾಡಿದವರ ಹುದ್ದೆ ಏನೆಂದು ಬರೆದಿಲ್ಲ.'

ನಿಜ, ಬರೆದಿರಲಿಲ್ಲ. ಇಷ್ಟು ವರ್ಷದಲ್ಲಿ ಅವಳ ಕಡತ ಹಿಂದಿರುಗಿದ್ದು ಇದೇ ಮೊದಲು. ಅವಳ ಮುಖ ಒಂದು ಗಳಿಗೆ ಬಿಗಿಯಿತು, ಆಮೇಲೆ ಸಡಿಲವಾಯಿತು. ಹಿಂದಕ್ಕೆ ಒರಗಿ, ಫೋನ್ ಎಳೆದುಕೊಂಡು, ಹಲ್ಲಿನ ಆಸ್ಪತ್ರೆಗೆ ಮತ್ತೊಮ್ಮೆ ಮಾಡಿದಳು.